ಮಹಜರು, ರಾಜಿ ಮತ್ತು ಊರ ಕಟ್ಟೆ

ಮಹಜರು, ಪಂಚನಾಮೆ, ರಾಜೀನಾಮೆ. ಈ ಮೂರು ಪದಗಳು ಇಂದು ಕನ್ನಡಿಗರ ಕಿವಿಗೆ ಬೀಳುವುದು ಪೊಲೀಸ್ ಠಾಣೆಯಲ್ಲಿ, ಇಲ್ಲವೇ ಸರ್ಕಾರಿ ಕಚೇರಿಯಲ್ಲಿ. ಕಳುವಾದ ಮನೆಗೆ ಬಂದ ಪೊಲೀಸರು ಮಹಜರು ಬರೆಯುತ್ತಾರೆ. ಅಪಘಾತವಾದ ಜಾಗದಲ್ಲಿ ಪಂಚನಾಮೆ ನಡೆಯುತ್ತದೆ. ನೌಕರಿ ಬೇಡವಾದವರು ರಾಜೀನಾಮೆ ಕೊಡುತ್ತಾರೆ. ಆದರೆ ಈ ಮೂರೂ ಪದಗಳ ಹುಟ್ಟು ಬೇರೆಯೇ. ಮಹಜರು ಎಂದರೆ ಮೂಲದಲ್ಲಿ ಜನರು ಹಾಜರಿರುವ ಸಭೆ. ಹಾಜರು, ಹಾಜರಿ, ಮಹಜರು ಮೂರೂ ಒಂದೇ ಅರಬ್ಬಿ ಧಾತುವಿನಿಂದ ಬಂದವು. ಪಂಚನಾಮೆ ಎಂದರೆ ಪಂಚರು ಬರೆದ ಪತ್ರ. ರಾಜೀನಾಮೆ ಎಂದರೆ ಇಬ್ಬರೂ ರಾಜಿಯಾದೆವು, ಅಂದರೆ ಮನಸಾರೆ ಒಪ್ಪಿದೆವು ಎಂದು ಬರೆದುಕೊಟ್ಟ ಕಾಗದ.

ಜಗಳವಾಡಿದವರು ಎದುರುಬದುರು ಕೂತು, ನೆರೆಹೊರೆಯವರ ಸಮಕ್ಷಮದಲ್ಲಿ ಮಾತಾಡಿ, ನೊಂದವರಿಗೆ ಆದ ನಷ್ಟವನ್ನು ತುಂಬಿಕೊಟ್ಟು, ಮತ್ತೆ ಒಂದೇ ಊರಿನಲ್ಲಿ ಬಾಳುವ ದಾರಿ ಹುಡುಕುವ ಪದ್ಧತಿಗೆ ಸೇರಿದ ಮಾತುಗಳು ಇವು. ಇಂಥ ಮಾತುಕತೆಯನ್ನು ಇಂದು ಜಗತ್ತಿನ ಅನೇಕ ದೇಶಗಳು ಹೊಸ ಸಂಗತಿಯೆಂಬಂತೆ ಕಲಿಯುತ್ತಿವೆ. ಶಿಕ್ಷೆ ಕೊಡುವುದಷ್ಟೇ ನ್ಯಾಯವಲ್ಲ, ಮುರಿದ ಸಂಬಂಧವನ್ನು ಸರಿಪಡಿಸುವುದೂ ನ್ಯಾಯವೇ ಎಂಬುದು ಅದರ ತಿರುಳು. ಈ ಪದ್ಧತಿ ಹೇಗೆ ಬೆಳೆಯಿತು, ಎಲ್ಲಿ ಮುಗ್ಗರಿಸಿತು ಎಂಬುದನ್ನು ನೋಡಲು ಕಲಬುರಗಿ ಸೀಮೆಯಷ್ಟು ತಕ್ಕ ನೆಲ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎನ್ನಬಹುದು.

ಮರತೂರಿನ ಪಂಡಿತ

ಕಲಬುರಗಿಗೆ ಹತ್ತಿರದ ಮರತೂರು ಇಂದು ಶಹಾಬಾದ್ ತಾಲ್ಲೂಕಿಗೆ ಸೇರಿದ ಗ್ರಾಮ. 'ಮಿತಾಕ್ಷರಾ' ಗ್ರಂಥದ ಕರ್ತೃ ವಿಜ್ಞಾನೇಶ್ವರನ ಹೆಸರು ಈ ಊರಿನೊಂದಿಗೆ ಬೆಸೆದುಕೊಂಡಿದೆ. 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ಈ ವ್ಯಾಖ್ಯಾನವನ್ನು ಬರೆದ. ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಕಲಬುರಗಿಯಿಂದ ಬಹಳ ದೂರವೇನಲ್ಲ. ಕಮಲಾಪುರ, ಹುಮನಾಬಾದ್ ದಾಟಿ ಅಲ್ಲಿಗೆ ರಸ್ತೆ ಹೋಗುತ್ತದೆ.

ಮಿತಾಕ್ಷರಾ ಎಂದೊಡನೆ ವಕೀಲರಿಗೆ ನೆನಪಾಗುವುದು ಆಸ್ತಿಯ ಪಾಲು. ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ 1810ರಲ್ಲಿ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ, ಬಂಗಾಳವೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಭಾರತದ ಹಿಂದೂಗಳ ಆಸ್ತಿ ವ್ಯಾಜ್ಯಗಳಿಗೆ ಅದೇ ಆಧಾರವಾಯಿತು. ಈ ಖ್ಯಾತಿಯ ನೆರಳಿನಲ್ಲಿ ಅದೇ ಗ್ರಂಥದ ಇನ್ನೊಂದು ಭಾಗ ಮರೆಯಾಯಿತು. ಅದು ನ್ಯಾಯ ಹೇಳಬೇಕಾದವರು ಯಾರು ಎಂಬ ಪ್ರಶ್ನೆಗೆ ಸಂಬಂಧಿಸಿದ್ದು.

ರಾಜನು ನೇಮಿಸಿದ ಅಧಿಕಾರಿಗಳು, ಪೂಗ, ಶ್ರೇಣಿ, ಕುಲ ಎಂದು ನಾಲ್ಕು ಬಗೆಯ ಸಭೆಗಳನ್ನು ಯಾಜ್ಞವಲ್ಕ್ಯ ಹೆಸರಿಸುತ್ತಾನೆ. ವಿಜ್ಞಾನೇಶ್ವರ ಒಂದೊಂದನ್ನೂ ಬಿಡಿಸಿ ಹೇಳುತ್ತಾನೆ. ಕುಲವೆಂದರೆ ನೆಂಟರಿಷ್ಟರ ಕೂಟ. ಶ್ರೇಣಿಯೆಂದರೆ ಒಂದೇ ಕಸುಬಿನವರ ಕೂಟ. ಎಲೆ ಮಾರುವವರು, ನೇಯುವವರು, ಚರ್ಮದ ಕೆಲಸದವರು ಅವನು ಕೊಡುವ ಉದಾಹರಣೆಗಳು. ಇನ್ನು ಪೂಗ. ಬೇರೆ ಬೇರೆ ಜಾತಿಯವರಾಗಿ, ಬೇರೆ ಬೇರೆ ವೃತ್ತಿಯವರಾಗಿ, ಒಂದೇ ಸ್ಥಳದಲ್ಲಿ ವಾಸಿಸುವವರ ಸಮೂಹವೇ ಪೂಗ. ಊರು, ಪಟ್ಟಣಗಳಲ್ಲಿ ಕಾಣುವಂಥದು. ಕುಲದ ತೀರ್ಮಾನ ಸರಿಕಾಣದವರು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ, ಕೊನೆಗೆ ರಾಜನ ಅಧಿಕಾರಿಗಳ ಬಳಿಗೂ ಹೋಗಬಹುದು.

ಈ ಏಣಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರಕ್ತಸಂಬಂಧಿಗಳ ತೀರ್ಪಿಗಿಂತ, ಒಂದೇ ಕಸುಬಿನವರ ತೀರ್ಪಿಗಿಂತ, ನೆರೆಹೊರೆಯವರ ತೀರ್ಪಿಗೆ ಇಲ್ಲಿ ಹೆಚ್ಚು ತೂಕ. ತನ್ನವರೆಂಬ ಮೋಹ ಕಡಿಮೆಯಾದಷ್ಟೂ ಮಾತಿಗೆ ಬೆಲೆ ಹೆಚ್ಚು ಎಂಬ ತಿಳಿವಳಿಕೆ ಈ ಕ್ರಮದ ಹಿಂದಿರುವಂತೆ ಕಾಣುತ್ತದೆ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ರಾಜ್ಯದಲ್ಲಿ ಬರೆದ ಮಾತಿದು.

ಇದರ ಮರುಶ್ಲೋಕ ಇನ್ನೂ ಮುಖ್ಯವಾದದ್ದು. ಬಲಾತ್ಕಾರದಿಂದ ಅಥವಾ ಮೋಸದಿಂದ ಆದ ತೀರ್ಮಾನ ನಿಲ್ಲದು. ರಾತ್ರಿ ವೇಳೆ ಆದದ್ದು, ಮುಚ್ಚಿದ ಮನೆಯೊಳಗೆ ಆದದ್ದು, ಊರ ಹೊರಗೆ ಆದದ್ದು, ಹಗೆಗಳು ಮಾಡಿದ್ದು ಇವೂ ನಿಲ್ಲವು. ಅಂಥ ವ್ಯಾಜ್ಯವನ್ನು ಮತ್ತೆ ವಿಚಾರಿಸಬೇಕು. ಸಂಧಾನ ಹಗಲಿನಲ್ಲಿ, ಬಯಲಿನಲ್ಲಿ, ಬೆದರಿಕೆಯಿಲ್ಲದೆ ನಡೆಯಬೇಕು ಎಂಬುದು ಈ ನಿಯಮ. ಬೆದರಿಕೆ ಇರಕೂಡದೆಂಬುದನ್ನು ಇಂದಿನ ಕಾನೂನೂ ಒಪ್ಪುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಹೆಂಗಸರು ಮಾಡಿದ ತೀರ್ಮಾನವೂ ಸೇರಿದೆ. ಅದೂ ನಿಲ್ಲದಂತೆ! ಈ ಪದ್ಧತಿಯ ವಿವೇಕ ಮತ್ತು ಅದರ ದೋಷ ಎರಡೂ ಒಂದೇ ಶ್ಲೋಕದಲ್ಲಿ ಜೊತೆಗೂಡಿರುವುದು ವಿಚಿತ್ರವಾದರೂ ನಿಜ.

ನೇಗಿಲು, ತಕ್ಕಡಿಯ ಸಹಿ

1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ರಾಜಧಾನಿ ಬೀದರಿಗೆ ಹೋದ ಮೇಲೂ, ಮುಂದೆ ವಿಜಾಪುರದ ಆದಿಲಶಾಹಿಗಳ ಕೈಸೇರಿದ ಮೇಲೂ, ಫಾರಸಿಯ ಆಡಳಿತ ಪದಗಳು ಇಲ್ಲಿನ ಕನ್ನಡದಲ್ಲಿ ನೆಲೆಯೂರಿದವು. ತಕರಾರು, ಫೈಸಲು, ಕಬೂಲು, ಜಾಮೀನು, ವಕೀಲ ಎಲ್ಲವೂ ಹೀಗೆ ಬಂದವು. ಇಸ್ಲಾಮೀ ನ್ಯಾಯಪದ್ಧತಿಯಲ್ಲಿ 'ಸುಲಹ್' ಎಂಬುದಕ್ಕೆ ದೊಡ್ಡ ಸ್ಥಾನವಿದೆ. ಕಾಜಿಯು ತೀರ್ಪು ಕೊಡುವುದಕ್ಕಿಂತ ಮೊದಲು ಇಬ್ಬರೂ ಒಪ್ಪಿ ರಾಜಿಯಾಗುವುದು ಮೇಲು ಎಂಬ ಭಾವನೆ ಅದು. ಕನ್ನಡದ 'ಸಲಹೆ' ಕೂಡ ಅದೇ ಧಾತುವಿಗೆ ಸೇರಿದ್ದು. ಸಲಹೆ ಕೊಡುವುದಕ್ಕೂ ಸಂಬಂಧ ಸರಿಪಡಿಸುವುದಕ್ಕೂ ಮೂಲದಲ್ಲಿ ಇದ್ದ ನಂಟು ಇದರಿಂದ ತಿಳಿಯುತ್ತದೆ.

ದಖ್ಖನ್ನಿನ 16 ಮತ್ತು 17ನೆಯ ಶತಮಾನದ ಮಹಜರುಗಳು, ಹೆಚ್ಚಾಗಿ ಮರಾಠಿ ಹಾಗೂ ಫಾರಸಿಯಲ್ಲಿ ಬರೆದವು, ಈಗಲೂ ಉಳಿದಿವೆ. ವತನದ ಹಕ್ಕಿನ ಜಗಳವೋ ಗಡಿಯ ಜಗಳವೋ ಬಂದಾಗ ಸರ್ಕಾರದ ಅಧಿಕಾರಿಗಳು, ಕಾಜಿ, ದೇಶಮುಖ, ಪಾಟೀಲರು, ವ್ಯಾಪಾರಿಗಳು, ಆಯಗಾರರು ಒಟ್ಟಾಗಿ ಕೂಡುತ್ತಿದ್ದರು. ಅವರ ಹೆಸರುಗಳೆಲ್ಲ ಪತ್ರದ ಮೇಲೆ ಬರುತ್ತಿದ್ದವು. ಅಕ್ಷರ ಬಾರದವರು ತಮ್ಮ ಕಸುಬಿನ ಗುರುತನ್ನು ಬರೆಯುತ್ತಿದ್ದರು. ಪಾಟೀಲನದು ನೇಗಿಲು, ಶೆಟ್ಟಿಯದು ತಕ್ಕಡಿ, ಬಡಗಿಯದು ಉಳಿ. ಕಾಜಿಯ ಮುದ್ರೆಯೂ ಒಕ್ಕಲಿಗನ ನೇಗಿಲೂ ಒಂದೇ ಕಾಗದದ ಮೇಲೆ ಬೀಳುತ್ತಿದ್ದವು. ವಿಜ್ಞಾನೇಶ್ವರನ ಪೂಗ ಇಲ್ಲಿ ಮತಗಳ ಗೆರೆಯನ್ನೂ ದಾಟಿ ಬೆಳೆದಿತ್ತು ಎಂದರೆ ತಪ್ಪಾಗಲಾರದು. ವಿಚಾರಣೆ ಶುರುವಾಗುವ ಮುನ್ನ ಎರಡೂ ಕಡೆಯವರು ಪಂಚರ ಮಾತಿಗೆ ಒಪ್ಪುವೆವೆಂದು ರಾಜೀನಾಮೆ ಬರೆದುಕೊಡುವ ರೂಢಿ ಮರಾಠರ ಆಳ್ವಿಕೆಯಲ್ಲಿ ಗಟ್ಟಿಯಾಯಿತು. ಆಮೇಲೆ ಬ್ರಿಟಿಷರ ಮುಂಬಯಿ ಪ್ರಾಂತದ ಕಂದಾಯ ಕಚೇರಿಯಲ್ಲಿ ಜಮೀನು ಬಿಟ್ಟುಕೊಡುವ ಪತ್ರಕ್ಕೂ ಅದೇ ಹೆಸರು ಬಂತು. ಹೀಗೆ ಒಪ್ಪಿಗೆಯ ಪತ್ರವಾಗಿದ್ದ ರಾಜೀನಾಮೆ ಬಿಟ್ಟುಹೋಗುವವರ ಪತ್ರವಾಯಿತು.

ದೈವ ಕೂಡಿದಾಗ

ಉತ್ತರ ಕರ್ನಾಟಕದಲ್ಲಿ 'ದೈವ' ಎಂಬ ಮಾತಿಗೆ ದೇವರು ಎಂಬುದಲ್ಲದೆ ಇನ್ನೊಂದು ಅರ್ಥವೂ ಇದೆ. ಊರ ಜನ ಒಟ್ಟಾಗಿ ಕೂಡಿದರೆ ಅದೂ ದೈವವೇ. ಜಾತ್ರೆಯ ಕರಪತ್ರಗಳಲ್ಲಿ 'ಸಮಸ್ತ ದೈವ ಮಂಡಳಿ' ಎಂದು ಇಂದಿಗೂ ಅಚ್ಚಾಗುತ್ತದೆ. ಅಗಸಿಯ ಬಳಿಯ ಕಟ್ಟೆಯ ಮೇಲೆ ಅಥವಾ ಹನುಮಂತನ ಗುಡಿಯ ಮುಂದೆ ದೈವ ಕೂಡಿತೆಂದರೆ ಊರಿನಲ್ಲಿ ಯಾವುದೋ ವಿಷಯ ತೀರ್ಮಾನವಾಗಬೇಕಾಗಿದೆ ಎಂದೇ ಅರ್ಥ.

ಅಲ್ಲಿಗೆ ಬರುತ್ತಿದ್ದ ವ್ಯಾಜ್ಯಗಳು ಎಂಥವು ಎಂಬುದನ್ನು ತಿಳಿಯಲು ಈ ಸೀಮೆಯ ಒಕ್ಕಲುತನವನ್ನೇ ನೋಡಬೇಕು. 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಗೆ ವರ್ಷವಿಡೀ ನೀರು ಬೇಕು. ಅಣ್ಣತಮ್ಮಂದಿರ ಪಾಲಾದ ಬಾವಿಯಲ್ಲಿ ಯಾರ ಸರದಿ ಯಾವಾಗ ಎಂಬುದು ಚಿಕ್ಕ ಮಾತಲ್ಲ. ಸುತ್ತಲಿನ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿದ ತೊಗರಿ. ತಿಂಗಳುಗಟ್ಟಲೆ ಹೊಲದಲ್ಲಿ ನಿಲ್ಲುವ ಈ ಬೆಳೆಗೆ ದನ ನುಗ್ಗಿದರೆ ಒಂದು ರಾತ್ರಿಯಲ್ಲಿ ವರ್ಷದ ಗಂಜಿ ಹೋಗುತ್ತದೆ. ಬದು ಒತ್ತುವುದು, ಬಂಡಿಯ ದಾರಿ ಮುಚ್ಚುವುದು, ಕೈಗಡ ಕೊಟ್ಟ ಜೋಳ ಹಿಂತಿರುಗದಿರುವುದು, ಸೊಸೆ ತವರಿಗೆ ಹೋಗಿ ಬಾರದಿರುವುದು ಇವೆಲ್ಲ ಇದೇ ಸಾಲಿಗೆ ಸೇರಿದವು.

ಇಂಥ ಜಗಳಗಳಲ್ಲಿ ಒಂದು ವಿಶೇಷವಿದೆ. ಗೆದ್ದವನೂ ಸೋತವನೂ ಮರುದಿನ ಅದೇ ಬಾವಿಗೆ ಬರಬೇಕು, ಅದೇ ದಾರಿಯಲ್ಲಿ ಬಂಡಿ ಹೊಡೆಯಬೇಕು. ಆದ್ದರಿಂದ ಯಾರು ತಪ್ಪಿತಸ್ಥ ಎಂದು ಹೇಳಿ ಎದ್ದುಹೋದರೆ ಕೆಲಸ ಮುಗಿಯದು. ಆದದ್ದೇನು, ನೊಂದವರು ಯಾರು, ಅದನ್ನು ಸರಿಪಡಿಸಲು ಯಾರು ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳನ್ನು ಕಟ್ಟೆಯವರು ಕೇಳಲೇಬೇಕಾಗಿತ್ತು. ಬೆಳೆ ತಿಂದ ದನದ ಒಡೆಯ ಕಾಳು ಅಳೆದುಕೊಡಬೇಕು. ಒಡೆದ ಬದುವನ್ನು ಒಡೆದವನೇ ಕಟ್ಟಿಕೊಡಬೇಕು. ಕೊನೆಗೆ ಎಲೆ ಅಡಿಕೆ ಕೈ ಬದಲಾಗಬೇಕು. ಆ ಎಲೆ ಅಡಿಕೆ ಬರಿಯ ಶಾಸ್ತ್ರವಲ್ಲ. ಇನ್ನು ಮುಂದೆ ಮಾತು ಬಿಡುವುದಿಲ್ಲ ಎಂದು ಹತ್ತು ಜನರೆದುರು ಕೊಟ್ಟ ಭಾಷೆ.

ಆದರೆ ಈ ಚಿತ್ರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಕಟ್ಟೆಯ ಮೇಲೆ ಕೂರುವವರು ಯಾರು, ಕೆಳಗೆ ದೂರದಲ್ಲಿ ನಿಲ್ಲುವವರು ಯಾರು ಎಂಬುದು ಮೊದಲೇ ಗೊತ್ತಾಗಿರುತ್ತಿತ್ತು. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಇವರ ಅಧಿಕಾರ ವಂಶಪಾರಂಪರ್ಯವಾದದ್ದು. ಭೂಮಿಯೂ ಸಾಲವೂ ಅವರ ಕೈಯಲ್ಲಿರುವಾಗ ಅವರ ಎದುರಿಗೆ ಕೂಲಿಯವನು 'ರಾಜಿ' ಎಂದರೆ ಅದು ಒಪ್ಪಿಗೆಯೋ ಅಂಜಿಕೆಯೋ ಎಂದು ಹೇಳುವುದು ಕಷ್ಟ. ಹೊಲೆಯ ಮಾದಿಗರೆಂದು ಕರೆಸಿಕೊಂಡವರಿಗೆ ಕಟ್ಟೆ ಹತ್ತುವ ಹಕ್ಕಿರಲಿಲ್ಲ. ಹೆಣ್ಣಿನ ಬಾಳಿನ ಪ್ರಶ್ನೆಯನ್ನೂ ಗಂಡಸರೇ ಮಾತಾಡಿ ಮುಗಿಸುತ್ತಿದ್ದರು. ಮಾತು ಮೀರಿದವರಿಗೆ ಬಹಿಷ್ಕಾರ. ಬೆಂಕಿ, ನೀರು ನಿಲ್ಲಿಸುವ ಆ ಶಿಕ್ಷೆ ಸಂಬಂಧವನ್ನು ಜೋಡಿಸುವುದಕ್ಕೆ ಬದಲು ಕತ್ತರಿಸುತ್ತಿತ್ತು. ಕರ್ನಾಟಕದಲ್ಲಿ 1961ರ ಕಾಯ್ದೆಯು ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದು ಮಾಡಿದ್ದು, ನೆರೆಯ ಮಹಾರಾಷ್ಟ್ರ 2016ರಲ್ಲಿ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯ್ದೆಯನ್ನೇ ತಂದದ್ದು ಕಾರಣವಿಲ್ಲದೆ ಅಲ್ಲ.

ಅದಕ್ಕೂ ಮುನ್ನವೇ ನ್ಯಾಯಾಲಯ ಬಂದಿತ್ತು. ನಿಜಾಮನ ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಮಾಡಿ ಆಡಳಿತವನ್ನು ಹೊಸದಾಗಿ ಕಟ್ಟಿದ. ಜಿಲ್ಲೆಗಳಲ್ಲಿ ಕೋರ್ಟುಗಳು ನೆಲೆಗೊಂಡವು. ಬಡವನಿಗೆ ಪಾಟೀಲನ ಮೇಲೆ ದೂರು ಕೊಡುವ ಬಾಗಿಲೊಂದು ತೆರೆಯಿತು ಎಂಬುದು ಸಣ್ಣ ಲಾಭವಲ್ಲ. ಆದರೆ ಆ ಬಾಗಿಲಿನ ಒಳಗೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಕನ್ನಡವೊಂದನ್ನೇ ಬಲ್ಲ ಒಕ್ಕಲಿಗನ ಜಗಳ ಅವನಿಗೆ ತಿಳಿಯದ ಭಾಷೆಯಲ್ಲಿ ನಡೆದು, ಅವನಿಗೆ ತಿಳಿಯದ ಭಾಷೆಯಲ್ಲಿ ಮುಗಿಯುತ್ತಿತ್ತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿರುವುದಕ್ಕೆ ಖರ್ಚೊಂದೇ ಕಾರಣವಲ್ಲ. ತನ್ನ ಜಗಳದಲ್ಲಿ ತನಗೇ ಮಾತಿಲ್ಲವಾಯಿತೆಂಬ ನೋವೂ ಅದರಲ್ಲಿದೆ.

1948ರ ಆ ಇಪ್ಪತ್ತಮೂರು ದಿನಗಳು

ಬಾವಿ, ಬದುವಿನ ಜಗಳ ಒಂದು ಮಾತು. ಇಡೀ ಊರೇ ಎರಡಾಗಿ ರಕ್ತ ಹರಿದಾಗ ಮಾತುಕತೆಗೆ ಏನು ಬೆಲೆ? ಕಲಬುರಗಿ ಈ ಪ್ರಶ್ನೆಯನ್ನೂ ಎದುರಿಸಿದೆ.

ಹೈದರಾಬಾದ್ ಸಂಸ್ಥಾನದ ಕೊನೆಯ ತಿಂಗಳುಗಳಲ್ಲಿ ರಜಾಕಾರರ ಹಾವಳಿ ಹಳ್ಳಿಹಳ್ಳಿಗಳನ್ನು ನಡುಗಿಸಿತು. ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಜನ ಮರೆತಿಲ್ಲ. ಅದೇ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾದ. ಕಲ್ಯಾಣ ಕರ್ನಾಟಕ ಇಂದಿಗೂ ಆ ದಿನವನ್ನು ಉತ್ಸವವಾಗಿ ಆಚರಿಸುತ್ತದೆ. ಆದರೆ ಅದರ ಬೆನ್ನಿಗೇ ಪ್ರತೀಕಾರದ ಅಲೆ ಎದ್ದಿತು. ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರು ಅದಕ್ಕೆ ಬಲಿಯಾದರು.

ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ಸದ್ಭಾವನಾ ತಂಡ 1948ರ ನವೆಂಬರ್ 29ರಂದು ಹೈದರಾಬಾದಿಗೆ ಬಂತು. ಡಿಸೆಂಬರ್ 21ಕ್ಕೆ ದೆಹಲಿಗೆ ಮರಳಿತು. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ತಂಡ ಸಂಚರಿಸಿತು. 21 ಪಟ್ಟಣ, 23 ಮುಖ್ಯ ಹಳ್ಳಿಗಳಿಗೆ ಹೋಯಿತು. ತಾನು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತನ್ನು ಕೇಳಿತು. ಸಂಸ್ಥಾನದಾದ್ಯಂತ ಸತ್ತವರ ಸಂಖ್ಯೆ 27,000ದಿಂದ 40,000ದವರೆಗೆ ಇರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡ್, ಬೀದರ್‌ಗಳೊಂದಿಗೆ ಕಲಬುರಗಿಯನ್ನೂ ಹೆಸರಿಸಿತು.

ಈ ಅಂಕಿಗಳ ಬಗ್ಗೆ ಚರ್ಚೆ ಬಹಳ ನಡೆದಿದೆ. ಆದರೆ ತಂಡದ ಇನ್ನೊಂದು ಕೆಲಸದ ಕಡೆಗೆ ಗಮನ ಹರಿದದ್ದು ಕಡಿಮೆ. ಆ 23 ದಿನಗಳಲ್ಲಿ ಅದು 31 ಸಾರ್ವಜನಿಕ ಸಭೆಗಳನ್ನೂ 27 ಖಾಸಗಿ ಕೂಟಗಳನ್ನೂ ನಡೆಸಿತು. ಹಿಂದೂಗಳು, ಮುಸ್ಲಿಮರು, ಕಾಂಗ್ರೆಸಿನವರು, ಇತ್ತೆಹಾದಿನವರು, ವಿದ್ಯಾರ್ಥಿಗಳು ಈ ಕೂಟಗಳಲ್ಲಿದ್ದರು. ಜನವರ್ಗಗಳ ನಡುವೆ ಸೌಹಾರ್ದವನ್ನು ಮತ್ತೆ ಹುಟ್ಟಿಸುವುದು, ಉಳಿಸಿಕೊಳ್ಳುವುದು ಅಲ್ಲಿನ ಮುಖ್ಯ ವಿಷಯ. ಹೆಣಗಳ ಲೆಕ್ಕ ಹಾಕುತ್ತಿದ್ದ ಕೈಗಳೇ ಬದುಕಿದವರನ್ನು ಎದುರುಬದುರು ಕೂಡಿಸಲೂ ಯತ್ನಿಸಿದವು.

ವರದಿಯ ಇನ್ನೊಂದು ಮಾತು ವಿಜ್ಞಾನೇಶ್ವರನ ಶ್ರೇಣಿಯನ್ನು ನೆನಪಿಗೆ ತರುತ್ತದೆ. ಒಂದೇ ಕಸುಬಿನವರ ನಡುವೆ ಬಾಂಧವ್ಯ ಹೆಚ್ಚು ಗಟ್ಟಿಯಾಗಿತ್ತೆಂದು ತಂಡ ಕಂಡುಕೊಂಡಿತು. ಕೆಲವೆಡೆ ಹಿಂದೂ ನೇಕಾರರು ತಮ್ಮ ಮುಸ್ಲಿಂ ನೇಕಾರ ಬಂಧುಗಳನ್ನು ಕಾಪಾಡಲು ದಾಳಿಕೋರರೊಂದಿಗೆ ಹೋರಾಡಿದರು, ಪ್ರಾಣವನ್ನೂ ತೆತ್ತರು. ಅಪಹರಣಕ್ಕೊಳಗಾದ ಹೆಣ್ಣುಮಕ್ಕಳನ್ನು ಹುಡುಕಿ ತರಲು ಅನೇಕ ಹಿಂದೂಗಳು ನೆರವಾದರು. ದಿನವೂ ಒಟ್ಟಿಗೆ ದುಡಿದು, ಮಾತಾಡಿ ಬೆಳೆಸಿಕೊಂಡ ನಂಟು ಕೆಟ್ಟ ದಿನಗಳಲ್ಲಿ ಜೀವ ಉಳಿಸಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಮಾತುಕತೆ ಅಲ್ಲಿಗೇ ನಿಂತಿತು. ಸರ್ಕಾರ ವರದಿಯನ್ನು ಪ್ರಕಟಿಸಲಿಲ್ಲ. ಕೆಲವು ಭಾಗಗಳು ನಡುವೆ ಹೊರಬಿದ್ದವಾದರೂ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಸಿಕ್ಕಿದ್ದು 2013ರ ಹೊತ್ತಿಗೆ. ಅಷ್ಟರಲ್ಲಿ ಕಂಡವರು, ಕೇಳಿದವರು ಬಹುಪಾಲು ಕಣ್ಮರೆಯಾಗಿದ್ದರು. ರಜಾಕಾರರಿಂದ ನೊಂದವರ ನೆನಪು ಒಂದು ಮನೆಯಲ್ಲಿ, ಆನಂತರದ ಪ್ರತೀಕಾರದಿಂದ ನೊಂದವರ ನೆನಪು ಪಕ್ಕದ ಮನೆಯಲ್ಲಿ, ಬೇರೆಬೇರೆಯಾಗಿ ಬೆಳೆದವು. ಬಂದಾ ನವಾಜರ ಉರುಸಿಗೂ ಶರಣಬಸವೇಶ್ವರರ ಜಾತ್ರೆಗೂ ಎರಡೂ ಕಡೆಯವರು ಹೋಗಿಬರುವ ಈ ನಗರದಲ್ಲಿ ಸಹಬಾಳ್ವೆಗೆ ಕೊರತೆಯಿಲ್ಲ. ಆದರೆ ಒಟ್ಟಿಗೆ ಬಾಳುವುದು ಬೇರೆ, ಆದ ನೋವನ್ನು ಒಟ್ಟಿಗೆ ಕೂತು ಹೇಳಿ ಕೇಳುವುದು ಬೇರೆ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಪ್ರತಿ ಪೀಳಿಗೆಯಲ್ಲೂ ಮತ್ತೆ ಪರೀಕ್ಷೆಗೆ ಒಳಗಾಗುತ್ತದೆ.

ಹೊಸ ಕಾಯ್ದೆ, ಹಳೆಯ ಕಟ್ಟೆ

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಸಣ್ಣ ಊರಿನಲ್ಲಿ ಇಬ್ಬರು ಹುಡುಗರು ಕುಡಿದು 22 ಕಡೆ ಆಸ್ತಿಪಾಸ್ತಿ ಹಾಳುಮಾಡಿದರು. ನೊಂದವರ ಮನೆಬಾಗಿಲಿಗೆ ಅವರನ್ನು ಕರೆದೊಯ್ದರೆ ಹೇಗೆ ಎಂದು ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ಸೂಚಿಸಿದರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಬಾಗಿಲು ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಂಡರು. ಕೆಲವೇ ತಿಂಗಳಲ್ಲಿ ನಷ್ಟ ತುಂಬಿಕೊಟ್ಟರು. ಸಂಬಂಧ ಸರಿಪಡಿಸುವ ಇಂದಿನ ನ್ಯಾಯಚಳವಳಿಯ ಇತಿಹಾಸ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ನ್ಯೂಜಿಲೆಂಡ್ 1989ರಲ್ಲಿ ಮಾವೋರಿ ಜನರ ಕುಟುಂಬ ಸಭೆಗಳ ಮಾದರಿಯನ್ನು ಬಾಲಾಪರಾಧದ ಕಾಯ್ದೆಯಲ್ಲೇ ಸೇರಿಸಿತು. ಬೆಳೆ ತಿಂದ ದನದ ಒಡೆಯನಿಗೆ ಕಾಳು ಅಳೆಯಲು ಹೇಳಿದ ಕಮಲಾಪುರ ಸೀಮೆಯ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಭಾರತದಲ್ಲಿ 2023ರ ಮಧ್ಯಸ್ಥಿಕೆ ಕಾಯ್ದೆ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವನ್ನು ಇಟ್ಟಿದೆ. ಒಂದು ಪ್ರದೇಶದ ನಿವಾಸಿಗಳ ಅಥವಾ ಕುಟುಂಬಗಳ ನಡುವೆ ಶಾಂತಿ ಕೆಡಿಸಬಹುದಾದ ವ್ಯಾಜ್ಯವನ್ನು, ಎರಡೂ ಕಡೆಯವರು ಮುಂಚಿತವಾಗಿ ಒಪ್ಪಿದಲ್ಲಿ, ಮೂವರು ಮಧ್ಯಸ್ಥರ ಮುಂದಿಡಬಹುದು. ಮಧ್ಯಸ್ಥರ ಪಟ್ಟಿ ತಯಾರಿಸುವಾಗ ಮಹಿಳೆಯರ ಪ್ರಾತಿನಿಧ್ಯವನ್ನು ಗಮನಿಸಬಹುದೆಂದೂ ಕಾಯ್ದೆ ಹೇಳುತ್ತದೆ. ವಿಜ್ಞಾನೇಶ್ವರನ ಕಾಲದಿಂದ ಉಳಿದುಬಂದ ದೋಷವೊಂದಕ್ಕೆ ಇದು ತಡವಾದ ತಿದ್ದುಪಡಿ. ಇಲ್ಲಿ ಆದ ಒಪ್ಪಂದವು ಕೋರ್ಟಿನ ಡಿಕ್ರಿಯಂತೆ ಜಾರಿಯಾಗುವುದಿಲ್ಲ. ಅದರ ಬಲವೆಲ್ಲ ಒಪ್ಪಿದವರ ಮಾತಿನಲ್ಲಿದೆ. ಎಲೆ ಅಡಿಕೆಯ ಬಲವೂ ಅಷ್ಟೇ ಆಗಿತ್ತು.

ಕೊಲೆ, ಅತ್ಯಾಚಾರ, ಜಾತಿ ದೌರ್ಜನ್ಯದಂಥ ಅಪರಾಧಗಳನ್ನು ಕಟ್ಟೆಯ ಮೇಲೆ 'ರಾಜಿ' ಮಾಡಿಸಿ ಮುಚ್ಚಿಹಾಕುವುದಕ್ಕೆ ಈ ಕಾಯ್ದೆ ಎಡೆಗೊಡುವುದಿಲ್ಲ, ಕೊಡಲೂ ಕೂಡದು. ಅಲ್ಲಿ ನೊಂದವರಿಗೆ ಬೇಕಾದದ್ದು ಕೋರ್ಟಿನ ರಕ್ಷಣೆ. ಕೈಕಟ್ಟಿ ನಿಂತವರಿಂದ ಪಡೆದ ಒಪ್ಪಿಗೆಯನ್ನು ಬಲಾತ್ಕಾರದ ತೀರ್ಮಾನವೆಂದು ಆ ಹಳೆಯ ಶಾಸ್ತ್ರವೇ ತಳ್ಳಿಹಾಕಿತ್ತು. ನೆಲ, ನೀರು, ದಾರಿ, ಮಾತಿನ ಮುನಿಸು, ಹಬ್ಬದ ಮೆರವಣಿಗೆಯ ತಕರಾರು ಇವು ಮಾತ್ರ ಬೆಳೆದು ದೊಡ್ಡದಾಗುವ ಮುನ್ನವೇ ಕೂತು ಬಗೆಹರಿಸಬೇಕಾದಂಥವು.

ಹಳೆಯ ಕಟ್ಟೆಗೆ ಹಾಗೆಯೇ ಮರಳಬೇಕೆಂದು ಹೇಳುವುದು ಸುಲಭ, ಆದರೆ ಸರಿಯಲ್ಲ. ಅದನ್ನು ಪೂರ್ತಿ ಮರೆಯುವುದೂ ಸರಿಯಲ್ಲ. ನೇಗಿಲು, ತಕ್ಕಡಿ, ಉಳಿಗಳ ಗುರುತು ಬಿದ್ದ ಆ ಕಾಗದಗಳಲ್ಲಿ ಕೆಲವರ ಗುರುತು ಎಲ್ಲೆಡೆಯೂ ಇರುತ್ತಿರಲಿಲ್ಲ. ಹೆಂಗಸಿನದು, ಕಟ್ಟೆಯ ಕೆಳಗೆ ನಿಂತವನದು. ಅವರ ಗುರುತೂ ಬೀಳುವಂತಾದಾಗ ಮಾತ್ರ ಮಹಜರು ಎಂಬ ಪದ ತನ್ನ ಹುಟ್ಟಿನ ಅರ್ಥಕ್ಕೆ ಮರಳೀತು. ಎಲ್ಲರೂ ಹಾಜರಿರುವುದೇ ಆ ಅರ್ಥ.